ಮರಳು, ಉಪ್ಪು, ಕರ್ಪೂರ, ಕಪ್ಪು ಪುಡಿ: ಮೊದಲು ಬೇರೆ ಮಾಡಿ, ಆಮೇಲೆ ಆವರ್ತಕ ಕೋಷ್ಟಕ ತೆಗೆಯಿರಿ

ನಮ್ಮ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಬೇಸಿಗೆ ರಜೆಗೆ ಬಂದಿದ್ದಾಗ ಮೊದಲ 20 ಧಾತುಗಳ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಹೈಡ್ರೋಜನ್‌ನಿಂದ ಕ್ಯಾಲ್ಸಿಯಂವರೆಗೆ ಒಂದೂ ತಪ್ಪಿಲ್ಲ. ಉಪ್ಪಿನಲ್ಲಿ ಇವುಗಳಲ್ಲಿ ಯಾವ್ಯಾವುದಿದೆ ಅಂತ ಕೇಳಿದೆ. ಸೋಡಿಯಂ, ಕ್ಲೋರಿನ್ ಅಂದಳು. ಹಾಗಾದರೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಸೋಸಿದರೆ ಎರಡೂ ಬೇರೆ ಆಗುತ್ತವಾ? ಸ್ವಲ್ಪ ಹೊತ್ತು ಯೋಚನೆ ಮಾಡಿ "ಆಗಬಹುದೇನೋ ಚಿಕ್ಕಮ್ಮ" ಅಂದಳು.

ತಪ್ಪು ಅವಳದ್ದಲ್ಲ. ಪಾಠದಲ್ಲಿ ಮಿಶ್ರಣ ಒಂದು ಅಧ್ಯಾಯ, ಪರಮಾಣು ಇನ್ನೊಂದು, ಆವರ್ತಕ ಕೋಷ್ಟಕ ಮತ್ತೊಂದು, ನಡುವೆ ತಿಂಗಳುಗಟ್ಟಲೆ ಅಂತರ. ಆದರೆ ಇವು ಮೂರೂ ಒಂದೇ ಕೆಲಸದ ಮೂರು ಹಂತಗಳು. ಜನ ಮೊದಲು ವಸ್ತುಗಳನ್ನು ಬೇರೆ ಮಾಡುವುದು ಕಲಿತರು. ಎಷ್ಟು ಪ್ರಯತ್ನಪಟ್ಟರೂ ಮುಂದೆ ಬೇರೆ ಆಗದೆ ಉಳಿದದ್ದಕ್ಕೆ ಧಾತು ಅಂದರು. ಅವನ್ನು ಸಾಲಾಗಿ ಜೋಡಿಸಿದಾಗ ಕೋಷ್ಟಕ ಬಂತು. ನೀವೂ ಮನೆಯಲ್ಲಿ ಅದೇ ದಾರಿಯಲ್ಲಿ ಹೋಗಿ. ಎರಡು ಮೂರು ದಿನ ಬೇಕು, ಖರ್ಚು ಹೆಚ್ಚೇನಿಲ್ಲ.

ಏನೇನು ಬೇಕು

50 ಗ್ರಾಂ ಮರಳು, 20 ಗ್ರಾಂ ಉಪ್ಪು, ನಾಲ್ಕೈದು ಬಿಲ್ಲೆ ಕರ್ಪೂರ, ಒಂದು ಮ್ಯಾಗ್ನೆಟ್. ಹಾಳಾದ ಸ್ಪೀಕರ್ ಬಿಚ್ಚಿದರೆ ಒಳ್ಳೆ ಮ್ಯಾಗ್ನೆಟ್ ಸಿಗುತ್ತದೆ. ಒಂದು ತೆಳು ಪ್ಲಾಸ್ಟಿಕ್ ಕವರ್, ಸ್ಟೀಲ್ ಬಟ್ಟಲುಗಳು, ಅಗಲವಾದ ತಟ್ಟೆ, ಹಳೇ ಕಾಟನ್ ಪಂಚೆಯ ತುಂಡು. ಅಡುಗೆಮನೆ ತಕ್ಕಡಿ ಇದ್ದರೆ ಬಹಳ ಒಳ್ಳೆಯದು, ತೂಕ ಮಾಡದೆ ಈ ಪ್ರಯೋಗ ಅರ್ಧವೇ ಆಗುವುದು.

ಮರಳನ್ನು ಮೊದಲೇ ತೊಳೆದು ಒಣಗಿಸಿಕೊಳ್ಳಿ. ನಾವು ಮೊದಲ ಸಲ ತೊಳೆಯದೇ ಹಾಕಿದೆವು. ಕೊನೆಗೆ ಸಿಕ್ಕ ಉಪ್ಪು ಮಣ್ಣಿನ ಬಣ್ಣಕ್ಕೆ ತಿರುಗಿ ಇಡೀ ಕೆಲಸ ಮತ್ತೆ ಮಾಡಬೇಕಾಯಿತು. ರಾಗಿ ಗಾಳಿಸುವಾಗ ಪಾತ್ರೆಯನ್ನು ಸುತ್ತಿಸಿ ಮೇಲಿನ ನೀರು ಚೆಲ್ಲುತ್ತೀರಲ್ಲ, ಹಾಗೆ ಏಳೆಂಟು ಸಲ ಮಾಡಿ. ನೀರು ತಿಳಿಯಾಗುವವರೆಗೂ ಬಿಡಬೇಡಿ.

ನಾಲ್ಕನೆಯದು ಕಪ್ಪು ಪುಡಿ, ಅದಕ್ಕೆ ಕಬ್ಬಿಣದ ಪುಡಿಯನ್ನು ಅಂಗಡಿಯಿಂದ ತರಬೇಡಿ. ಮನೆ ಕಟ್ಟುತ್ತಿರುವ ಕಡೆ ಹೊಳೆ ಮರಳಿನ ರಾಶಿ ಇದ್ದರೆ, ಮ್ಯಾಗ್ನೆಟ್ಟನ್ನು ಕವರಿನೊಳಗೆ ಹಾಕಿ ಒಣ ಮರಳಿನಲ್ಲಿ ನಿಧಾನವಾಗಿ ಎಳೆದಾಡಿ. ಕವರಿಗೆ ಕಪ್ಪು ಪುಡಿ ಮುಳ್ಳುಮುಳ್ಳಾಗಿ ಮೆತ್ತಿಕೊಳ್ಳುತ್ತದೆ. ಒಂದು ಕಾಗದದ ಮೇಲೆ ಹಿಡಿದು ಮ್ಯಾಗ್ನೆಟ್ಟನ್ನು ಕವರಿನಿಂದ ಹೊರಗೆ ತೆಗೆಯಿರಿ, ಪುಡಿ ತಾನಾಗಿಯೇ ಉದುರುತ್ತದೆ. ಕವರ್ ಇಲ್ಲದೆ ಎಳೆದರೆ ಆ ಪುಡಿಯನ್ನು ಮ್ಯಾಗ್ನೆಟ್ಟಿನಿಂದ ಬಿಡಿಸುವುದರಲ್ಲೇ ಸಂಜೆ ಆಗುತ್ತದೆ. ಅರ್ಧ ಗಂಟೆಯಲ್ಲಿ ಒಂದೆರಡು ಚಮಚ ಸಿಕ್ಕರೆ ಸಾಕು. ಇದು ಏನು ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಈ ಪಾಠದ ಜೀವವೇ ಅದರಲ್ಲಿದೆ.

ನಾಲ್ಕನ್ನೂ ಒಂದೊಂದಾಗಿ ತೂಗಿ ಬರೆದಿಟ್ಟುಕೊಳ್ಳಿ. ಕರ್ಪೂರ ಪುಡಿ ಮಾಡಿ ಎಲ್ಲವನ್ನೂ ಒಂದೇ ಬಟ್ಟಲಿನಲ್ಲಿ ಕಲಸಿ. ಇಲ್ಲೊಂದು ಎಚ್ಚರಿಕೆ: ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಚಿಕ್ಕ ಮಕ್ಕಳಿಗಂತೂ ಸ್ವಲ್ಪವೂ ಅಪಾಯ. ಆಮೇಲೆ ವಾಪಸ್ ಸಿಗುವ ಉಪ್ಪನ್ನೂ ಯಾರೂ ರುಚಿ ನೋಡಬಾರದು. ಬಟ್ಟಲು, ಬಟ್ಟೆ ಎಲ್ಲ ಬೇರೆಯೇ ಇರಲಿ.

ಯಾವುದು ಮೊದಲು?

ಮಕ್ಕಳನ್ನು ಇಲ್ಲಿ ಸ್ವಲ್ಪ ಹೊತ್ತು ಬಿಡಿ, ಅವರೇ ಯೋಚಿಸಲಿ. ಬೇರೆ ಮಾಡುವುದು ಅಂದರೆ ಒಂದು ವಸ್ತುವಿಗೆ ಇದ್ದು ಇನ್ನೊಂದಕ್ಕೆ ಇಲ್ಲದ ಗುಣ ಹುಡುಕುವುದು, ಅಷ್ಟೇ. ಅಜ್ಜಿ ಮೊರದಲ್ಲಿ ಅಕ್ಕಿ ಕೇರುವಾಗ ಹೊಟ್ಟು ಹಗುರ, ಅಕ್ಕಿ ಭಾರ. ಜರಡಿ ಹಿಡಿದರೆ ಕಾಳಿನ ಗಾತ್ರ ಬೇರೆ. ಅನ್ನ ಬಸಿದರೆ ಗಂಜಿ ಹರಿಯುತ್ತದೆ, ಅನ್ನ ಹರಿಯುವುದಿಲ್ಲ. ಮೊಸರು ಕಡೆದರೆ ಬೆಣ್ಣೆ ಮೇಲೆ ತೇಲುತ್ತದೆ. ನಮ್ಮ ಬಟ್ಟಲಿನಲ್ಲಿ ಒಂದು ಮ್ಯಾಗ್ನೆಟ್ಟಿಗೆ ಅಂಟುತ್ತದೆ, ಒಂದು ಬಿಸಿಗೆ ನೇರವಾಗಿ ಆವಿಯಾಗುತ್ತದೆ, ಒಂದು ನೀರಿನಲ್ಲಿ ಕರಗುತ್ತದೆ, ಒಂದು ಇದ್ಯಾವುದಕ್ಕೂ ಬಗ್ಗುವುದಿಲ್ಲ.

ಮ್ಯಾಗ್ನೆಟ್ ಮೊದಲು, ಯಾಕೆಂದರೆ ಒದ್ದೆಯಾದ ಮೇಲೆ ಕಪ್ಪು ಪುಡಿ ಮರಳಿನ ಜೊತೆ ಗಂಟು ಕಟ್ಟುತ್ತದೆ. ಮಿಶ್ರಣವನ್ನು ಪೇಪರಿನ ಮೇಲೆ ತೆಳ್ಳಗೆ ಹರಡಿ ಕವರಿನಲ್ಲಿರುವ ಮ್ಯಾಗ್ನೆಟ್ ಆಡಿಸಿ. ಮೊದಲ ಸಲ ಬಂದ ಪುಡಿಯಲ್ಲಿ ಉಪ್ಪೂ ಮರಳೂ ಸಿಕ್ಕಿಕೊಂಡಿರುತ್ತವೆ. ಆ ಪುಡಿಯನ್ನೇ ಮತ್ತೆ ಹರಡಿ ಮತ್ತೆ ಎತ್ತಿ. ಮೂರು ಸಲ ಮಾಡಿದರೆ ಚೊಕ್ಕವಾಗುತ್ತದೆ.

ಎರಡನೆಯದು ಕರ್ಪೂರ. ಇದನ್ನು ಬೆಂಕಿಯ ಮೇಲೆ ನೇರವಾಗಿ ಬಿಸಿ ಮಾಡಬೇಡಿ. ಅದರ ಆವಿ ಹತ್ತಿಕೊಳ್ಳುತ್ತದೆ, ಮಂಗಳಾರತಿ ತಟ್ಟೆ ನೋಡಿದವರಿಗೆ ಹೇಳಬೇಕಾಗಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಪೂರ್ತಿ ಆರಿಸಿ, ಪಾತ್ರೆಯನ್ನು ಒಲೆಯಿಂದ ದೂರ ತಂದಿಡಿ. ಮಿಶ್ರಣವಿರುವ ಬಟ್ಟಲನ್ನು ಬಿಸಿ ನೀರಿನಲ್ಲಿ ತೇಲುವಂತೆ ಕೂರಿಸಿ. ಬಟ್ಟಲಿನ ಬಾಯಿಗೆ ಮಾತ್ರ ಸರಿಯಾಗಿ ಕೂರುವ ಒಂದು ಸ್ಟೀಲ್ ತಟ್ಟೆ ಮುಚ್ಚಿ, ಅದರ ಮೇಲೆ ಐಸ್ ತುಂಡು ಇಡಿ. ದೊಡ್ಡ ತಟ್ಟೆ ಮುಚ್ಚಿದರೆ ಹೊರಗಿನ ಪಾತ್ರೆಯ ಹಬೆಯೂ ಅದಕ್ಕೆ ಹತ್ತಿ ತೊಟ್ಟಿಕ್ಕುತ್ತದೆ, ಅದಕ್ಕೇ ಚಿಕ್ಕದು. ಕಿಟಕಿ ತೆರೆದಿರಲಿ.

ಅರ್ಧ ಗಂಟೆ ಬಿಟ್ಟು ತಟ್ಟೆಯನ್ನು ನಿಧಾನವಾಗಿ ಮಗುಚಿ ನೋಡಿ. ಅಡಿಯಲ್ಲಿ ಬಿಳಿ ಹರಳುಗಳು ಇಬ್ಬನಿಯಂತೆ ಕೂತಿರುತ್ತವೆ. ಕರ್ಪೂರ ಕರಗಲಿಲ್ಲ, ಉರಿಯಲಿಲ್ಲ. ಗಟ್ಟಿಯಿಂದ ಆವಿ, ಆವಿಯಿಂದ ಮತ್ತೆ ಗಟ್ಟಿ. ಉತ್ಪತನ ಅಂದರೆ ಇದೇ. ನಮ್ಮ ಹುಡುಗಿ ಆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಐದು ನಿಮಿಷ ಕೆಳಗಿಡಲೇ ಇಲ್ಲ. ಎಲ್ಲಾ ಕರ್ಪೂರ ಒಂದೇ ಸಲಕ್ಕೆ ಬರುವುದಿಲ್ಲ, ನೀರು ಬದಲಾಯಿಸಿ ಎರಡು ಮೂರು ಸಲ ಮಾಡಿ. ಸ್ವಲ್ಪ ಉಳಿದರೆ ಚಿಂತೆಯಿಲ್ಲ, ಮುಂದಿನ ಹಂತದಲ್ಲಿ ನೀರು ಹಾಕಿದಾಗ ಅದು ಮೇಲೆ ತೇಲುತ್ತದೆ, ಚಮಚದಲ್ಲಿ ತೆಗೆದುಬಿಡಿ. ಬಿಸಿನೀರಿನ ಗೊಡವೆಯೇ ಬೇಡ ಅನ್ನುವ ಪುಟ್ಟ ಮಕ್ಕಳ ಮನೆಯಲ್ಲಿ ತೇಲಿಸಿ ತೆಗೆಯುವುದೊಂದೇ ಸಾಕು. ಚೊಕ್ಕ ನೀರಿನ ಮೇಲೆ ಕರ್ಪೂರದ ಚೂರುಗಳು ಗಿರಗಿರ ಓಡಾಡುವುದನ್ನೂ ಆಗ ನೋಡಬಹುದು.

ಈಗ ಉಳಿದದ್ದು ಉಪ್ಪು, ಮರಳು. ಅರ್ಧ ಲೋಟ, ಅಂದರೆ ಸುಮಾರು 100 ಮಿಲಿ ನೀರು ಹಾಕಿ ಚೆನ್ನಾಗಿ ಕಲಕಿ. ಇಷ್ಟು ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗಬಲ್ಲದು, ಹಾಗಾಗಿ ನಮ್ಮ 20 ಗ್ರಾಂ ಆರಾಮಾಗಿ ಕರಗುತ್ತದೆ. ಮರಳು ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ಬಸಿದು, ಪಂಚೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅದರಲ್ಲಿ ಸೋಸಿ. ಕಾಫಿ ಫಿಲ್ಟರಿನ ತೂತು ಇದಕ್ಕೆ ದೊಡ್ಡದಾಯಿತು, ಸಣ್ಣ ಮರಳು ಇಳಿದುಬಿಡುತ್ತದೆ.

ಎಲ್ಲರೂ ಮರೆಯುವ ಹೆಜ್ಜೆ ಒಂದಿದೆ. ಮರಳು ಇನ್ನೂ ಒದ್ದೆ, ಆ ಒದ್ದೆ ಅಂದರೆ ಉಪ್ಪುನೀರು. ಇನ್ನೆರಡು ಚಮಚ ಹೊಸ ನೀರು ಹಾಕಿ ಕಲಕಿ ಮತ್ತೆ ಅದೇ ಪಾತ್ರೆಗೆ ಸೋಸಿ. ಎರಡು ಸಲ. ನಾವು ಇದನ್ನು ಬಿಟ್ಟಾಗ 20 ಗ್ರಾಂ ಉಪ್ಪಿನಲ್ಲಿ ವಾಪಸ್ ಬಂದದ್ದು 16 ಗ್ರಾಂ. ತೊಳೆದಾಗ 19.

ಉಪ್ಪುನೀರನ್ನು ಅಗಲ ತಟ್ಟೆಗೆ ಸುರಿದು, ತೆಳು ಬಟ್ಟೆ ಮುಚ್ಚಿ, ತಾರಸಿಯಲ್ಲಿ ಬಿಸಿಲಿಗಿಡಿ. ಎರಡು ಮೂರು ದಿನ. ಒಲೆ ಮೇಲಿಟ್ಟು ಕುದಿಸಿದರೂ ಆಗುತ್ತದೆ, ಆದರೆ ಕೊನೆಯಲ್ಲಿ ಉಪ್ಪು ಚಟಪಟ ಸಿಡಿಯುತ್ತದೆ, ಸಿಗುವುದೂ ಬರೀ ಪುಡಿ. ನಿಧಾನವಾಗಿ ಒಣಗಿದರೆ ಮಾತ್ರ ಹರಳು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಮಾಡುವುದೂ ಇದನ್ನೇ, ತಟ್ಟೆಯ ಬದಲು ಗದ್ದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಎಲ್ಲ ಲವಣಗಳೂ ಸೇರಿ ಸುಮಾರು 35 ಗ್ರಾಂ ಇರುತ್ತದೆ.

ತೂಕ ನೋಡಿ

ಎಲ್ಲ ಒಣಗಿದ ಮೇಲೆ ಒಂದೊಂದನ್ನೂ ತೂಗಿ ಮೊದಲಿನ ತೂಕದ ಪಕ್ಕದಲ್ಲಿ ಬರೆಯಿರಿ. ಕಡಿಮೆ ಬಂದರೆ ಎಲ್ಲೋ ಉಳಿದಿದೆ, ಹುಡುಕಿ: ಬಟ್ಟೆಯಲ್ಲಾ, ಮರಳಿನಲ್ಲಾ? ಜಾಸ್ತಿ ಬಂದರೆ ಇನ್ನೂ ಒಣಗಿಲ್ಲ, ಇಲ್ಲವೇ ಬೇರೆ ಏನೋ ಸೇರಿದೆ. ಕರ್ಪೂರ ಮಾತ್ರ ಕಡಿಮೆಯೇ ಬರುತ್ತದೆ, ಒಂದು ಪಾಲು ಮನೆಯ ಗಾಳಿಯಲ್ಲಿ ಹೋಗಿರುತ್ತದೆ, ಮೂಗಿಗೇ ಗೊತ್ತಾಗುತ್ತದೆ. ಮಕ್ಕಳು ಈ ಲೆಕ್ಕ ಹಾಕುವಾಗ ಸುಮ್ನೆ ಪಕ್ಕದಲ್ಲಿ ಕೂತಿರಿ. ಉತ್ತರ ಹೇಳಿಕೊಡಬೇಡಿ.

ಕಪ್ಪು ಪುಡಿಯ ವಿಷಯ

ಮ್ಯಾಗ್ನೆಟ್ಟಿಗೆ ಅಂಟಿದ್ದು ಕಬ್ಬಿಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಅದು ಬರೀ ಕಬ್ಬಿಣ ಅಲ್ಲ. ಹೆಚ್ಚಿನ ಪಾಲು ಮ್ಯಾಗ್ನೆಟೈಟ್ ಅನ್ನುವ ಖನಿಜ. ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಆಕ್ಸಿಜನ್ ಪರಮಾಣುಗಳ ಲೆಕ್ಕದಲ್ಲಿ ಕಟ್ಟಿಕೊಂಡದ್ದು. ತೂಕದಲ್ಲಿ ಸುಮಾರು 72 ಪಾಲು ಕಬ್ಬಿಣ, 28 ಪಾಲು ಆಕ್ಸಿಜನ್.

ಈಗ ಆ ಪುಡಿಯಿಂದ ಆಕ್ಸಿಜನ್ ಬೇರೆ ಮಾಡಿ ನೋಡಿ. ಮ್ಯಾಗ್ನೆಟ್ ಆಡಿಸಿ, ನೀರು ಹಾಕಿ, ಸೋಸಿ, ಬಿಸಿ ಮಾಡಿ. ಏನೂ ಆಗುವುದಿಲ್ಲ. ಇಲ್ಲಿ ಮಿಶ್ರಣ ಮುಗಿದು ಸಂಯುಕ್ತ, ಅಂದರೆ ಧಾತುಗಳು ಒಂದಕ್ಕೊಂದು ಕಟ್ಟಿಕೊಂಡು ಆದ ವಸ್ತು, ಶುರುವಾಗುತ್ತದೆ. ಮರಳು ಉಪ್ಪು ಕಲಸುವಾಗ ನೀವು ಎಷ್ಟು ಬೇಕಾದರೂ ಹಾಕಬಹುದಿತ್ತು, ಸಂಯುಕ್ತದಲ್ಲಿ ಹಾಗಿಲ್ಲ, ಪಾಲು ನಿಗದಿ. ಯಾಕೆ ನಿಗದಿ? ಪರಮಾಣು ಬಿಡಿಬಿಡಿಯಾಗಿ ಎಣಿಸುವಂಥದ್ದು, ಮೂರಕ್ಕೆ ನಾಲ್ಕು ಸೇರಬಹುದು, ಒಂದಕ್ಕೆ ಒಂದು ಸೇರಬಹುದು, ಆದರೆ ಒಂದು ಪರಮಾಣುವಿನ ಕಾಲು ಭಾಗ ಸೇರುವುದಿಲ್ಲ. ಇಂಗ್ಲೆಂಡಿನ ಜಾನ್ ಡಾಲ್ಟನ್ 1808ರಲ್ಲಿ ಪರಮಾಣು ಇದೆ ಅಂತ ವಾದಿಸಿದ್ದು ಕಣ್ಣಲ್ಲಿ ನೋಡಿ ಅಲ್ಲ, ಇಂಥ ತೂಕದ ಪಾಲುಗಳನ್ನು ನೋಡಿಯೇ. ತಕ್ಕಡಿ ಬೇಕು ಅಂತ ಮೊದಲೇ ಹೇಳಿದ್ದು ಇದಕ್ಕೆ.

ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆಯುತ್ತಿದ್ದ ಅದಿರು ಇದೇ ಮ್ಯಾಗ್ನೆಟೈಟ್. ಅಲ್ಲೂ ಕಲ್ಲನ್ನು ಪುಡಿ ಮಾಡಿ ದೊಡ್ಡ ಮ್ಯಾಗ್ನೆಟ್‌ಗಳಿಂದಲೇ ಬೇರೆ ಮಾಡುತ್ತಿದ್ದರು, ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಅಷ್ಟು ದೊಡ್ಡ ಯಂತ್ರಕ್ಕೂ ಮ್ಯಾಗ್ನೆಟ್ ಮಾಡಿಕೊಟ್ಟದ್ದು ಅದಿರು ಮತ್ತು ಕಲ್ಲನ್ನು ಬೇರೆ ಮಾಡುವುದಷ್ಟೇ. ಅದಿರಿನಿಂದ ಆಕ್ಸಿಜನ್ ಕಿತ್ತು ಕಬ್ಬಿಣ ಪಡೆಯಬೇಕಾದರೆ ಕುಲುಮೆಯೇ ಬೇಕು, ಆಕ್ಸಿಜನ್ನನ್ನು ತನ್ನ ಕಡೆ ಎಳೆದುಕೊಳ್ಳುವ ಇಂಗಾಲವೂ ಬೇಕು. ಭದ್ರಾವತಿ ಕಾರ್ಖಾನೆಯ ಕುಲುಮೆ 1923ರಲ್ಲಿ ಶುರುವಾದಾಗ ಆ ಇಂಗಾಲ ಬಂದದ್ದು ಮಲೆನಾಡಿನ ಸೌದೆಯ ಇದ್ದಿಲಿನಿಂದ.

ಅಕ್ಕನ ಮಗಳಿಗೆ ಇಷ್ಟು ಹೇಳುವಾಗಲೇ ಅವಳು ತಟ್ಟೆಯ ಉಪ್ಪಿನ ಕಡೆ ನೋಡಿ "ಹಾಗಾದ್ರೆ ಸೋಡಿಯಂ ಕ್ಲೋರಿನ್ನೂ ಸೋಸಿದ್ರೆ ಬರಲ್ಲ" ಅಂದಳು. ಬರುವುದಿಲ್ಲ. ಉಪ್ಪನ್ನು ಸುಮಾರು 800 ಡಿಗ್ರಿಗೆ ಕಾಯಿಸಿ ಕರಗಿಸಿ ಅದರಲ್ಲಿ ವಿದ್ಯುತ್ ಹರಿಸಿದರೆ ಬರುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ನೀರಿನಲ್ಲಿ ಕರಗಿದ ಉಪ್ಪಿಗೂ ವಿದ್ಯುತ್ ಕೊಡಬೇಡಿ, ಕ್ಲೋರಿನ್ ವಿಷದ ಗಾಳಿ.

ಈಗ ಕೋಷ್ಟಕ ತೆಗೆಯಿರಿ

118 ಮನೆ ನೋಡಿ ಗಾಬರಿ ಬೇಡ. ನಿಮ್ಮ ಮೇಜಿನ ಮೇಲಿದ್ದ ವಸ್ತುಗಳಲ್ಲಿ ಇರುವ ಧಾತುಗಳನ್ನಷ್ಟೇ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ನೀರಿನಿಂದ ಹೈಡ್ರೋಜನ್ 1, ಆಕ್ಸಿಜನ್ 8. ಉಪ್ಪಿನಿಂದ ಸೋಡಿಯಂ 11, ಕ್ಲೋರಿನ್ 17. ಮರಳಿನಿಂದ ಸಿಲಿಕಾನ್ 14, ಜೊತೆಗೆ ಮತ್ತೆ ಆಕ್ಸಿಜನ್. ಕರ್ಪೂರದಿಂದ ಇಂಗಾಲ 6, ಮತ್ತೆ ಹೈಡ್ರೋಜನ್, ಮತ್ತೆ ಆಕ್ಸಿಜನ್. ಕಪ್ಪು ಪುಡಿಯಿಂದ ಕಬ್ಬಿಣ 26. ನಾಲ್ಕು ವಸ್ತು ಮತ್ತು ನೀರು ಎಲ್ಲ ಸೇರಿ ಏಳೇ ಮನೆ.

ಆ ಸಂಖ್ಯೆ ಪರಮಾಣುವಿನ ನಡುವೆ ಇರುವ ಪ್ರೋಟಾನ್‌ಗಳ ಎಣಿಕೆ. 11 ಪ್ರೋಟಾನ್ ಇದ್ದರೆ ಅದು ಸೋಡಿಯಂ, 12 ಇದ್ದರೆ ಮೆಗ್ನೀಸಿಯಂ, ನಡುವೆ ಇನ್ನೊಂದಿಲ್ಲ. ಸುತ್ತ ಅಷ್ಟೇ ಎಲೆಕ್ಟ್ರಾನ್‌ಗಳು. ಮೊದಲ 20 ಧಾತುಗಳಿಗೆ ಅವನ್ನು ಒಳಗಿನ ಸುತ್ತಿನಿಂದ ಹೊರಕ್ಕೆ 2, 8, 8 ಅಂತ ತುಂಬಿಕೊಂಡು ಹೋಗಿ, ಮಿಕ್ಕಿದ್ದು ಅದರಾಚೆಯ ಸುತ್ತಿಗೆ. ಸೋಡಿಯಂ 2, 8, 1. ಕ್ಲೋರಿನ್ 2, 8, 7. ಎಂಟರ ಲೆಕ್ಕಕ್ಕೆ ಒಂದಕ್ಕೆ ಒಂದು ಎಲೆಕ್ಟ್ರಾನ್ ಹೆಚ್ಚು, ಇನ್ನೊಂದಕ್ಕೆ ಒಂದು ಕಡಿಮೆ. ಒಂದು ಕೊಟ್ಟಿತು, ಒಂದು ತೆಗೆದುಕೊಂಡಿತು, ಉಪ್ಪಾಯಿತು. ಮೆಗ್ನೀಸಿಯಂ 2, 8, 2, ಹಾಗಾಗಿ ಅದಕ್ಕೆ ಎರಡು ಕ್ಲೋರಿನ್ ಬೇಕು. ಸಮುದ್ರದ ನೀರಿನಲ್ಲಿ ಆ ಲವಣವೂ ಇದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅದು ಸೇರಿದ ಹರಳುಪ್ಪು ಮಳೆಗಾಲದಲ್ಲಿ ಜಾಡಿಯಲ್ಲೇ ನೀರು ಬಿಟ್ಟುಕೊಳ್ಳುವುದು ಇದರಿಂದ.

ಮೇಲಿನಿಂದ ಕೆಳಕ್ಕೆ ಓದುವುದನ್ನು ಅಭ್ಯಾಸ ಮಾಡಿಸಿ, ಕೋಷ್ಟಕದ ಬೆಲೆ ಅದರಲ್ಲೇ ಇದೆ. ಇಂಗಾಲದ ಕೆಳಗೆ ಸಿಲಿಕಾನ್, ಎರಡಕ್ಕೂ ಹೊರಗೆ ನಾಲ್ಕು ಎಲೆಕ್ಟ್ರಾನ್. ಸೋಡಿಯಂ ಕೆಳಗೆ ಪೊಟ್ಯಾಸಿಯಂ, ಎರಡಕ್ಕೂ ಒಂದು. ಒಂದು ಕಂಬಸಾಲಿನಲ್ಲಿ ಇರುವವು ಒಂದೇ ಮನೆತನದ ಹಾಗೆ, ನಡತೆ ಹತ್ತಿರಹತ್ತಿರ. ಸಂಕೇತದ ಅಕ್ಷರ ಹೊಂದದಿದ್ದರೆ ಗಾಬರಿ ಬೇಡ: ಸೋಡಿಯಂಗೆ ನೇಟ್ರಿಯಂ, ಕಬ್ಬಿಣಕ್ಕೆ ಫೆರಂ ಅನ್ನುವ ಲ್ಯಾಟಿನ್ ಹೆಸರಿನ ಮೊದಲ ಅಕ್ಷರಗಳು ಅವು.

1869ರಲ್ಲಿ ರಷ್ಯಾದ ಮೆಂಡಲೀವ್ ಕೋಷ್ಟಕ ಮಾಡಿದಾಗ ಗೊತ್ತಿದ್ದದ್ದು 63 ಧಾತು ಅಷ್ಟೇ. ಪ್ರೋಟಾನ್ ಎಲೆಕ್ಟ್ರಾನ್ ಅಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ನಡತೆ ನೋಡಿ ಜೋಡಿಸಿ, ಹೊಂದದ ಕಡೆ ಜಾಗ ಖಾಲಿ ಬಿಟ್ಟರು. ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ ಏಕ-ಅಲ್ಯೂಮಿನಿಯಂ ಅಂತ ಹೆಸರಿಟ್ಟರು, ನಮ್ಮ ಏಕ, ದ್ವಿ, ತ್ರಿ ಅನ್ನುವ ಸಂಸ್ಕೃತದ ಏಕವೇ ಅದು. ಅದರ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು, 5.9 ಇರಬೇಕು ಅಂತಲೂ ಬರೆದಿಟ್ಟರು. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಸತುವಿನ ಅದಿರಿನಲ್ಲಿ ಹೊಸ ಧಾತು ಕಂಡುಹಿಡಿದು ಗ್ಯಾಲಿಯಂ ಅಂದರು. ಅಳೆದಾಗ ಸಾಂದ್ರತೆ 4.7. ಮೆಂಡಲೀವ್ ಅದನ್ನು ಒಪ್ಪಲಿಲ್ಲ, ಮತ್ತೆ ಶುದ್ಧ ಮಾಡಿ ಅಳೆಯಿರಿ ಅಂದರು. ಶುದ್ಧ ಮಾಡಿ ಅಳೆದರೆ 5.9 ಬಂತು! ನೋಡದೇ ಇರುವ ಲೋಹದ ತೂಕವನ್ನು, ಕೈಯಲ್ಲಿ ಹಿಡಿದವರಿಗಿಂತ ಚೆನ್ನಾಗಿ ಆ ಖಾಲಿ ಮನೆ ಹೇಳಿತ್ತು. ಸರಿಯಾಗಿ ಬೇರೆ ಮಾಡದ ಮಾದರಿ ತಪ್ಪು ತೂಕ ಕೊಟ್ಟಿತ್ತು, ತೊಳೆಯದ ನಮ್ಮ ಮರಳಿನ ಹಾಗೆ. ನನಗೆ ಇಡೀ ರಸಾಯನಶಾಸ್ತ್ರದಲ್ಲಿ ಅತ್ಯಂತ ಇಷ್ಟವಾದ ಕಥೆ ಇದು, ಯಾರ ಮನೆಗೆ ಹೋದರೂ ಹೇಳುತ್ತೇನೆ.

ಬೇರೆ ಮಾಡುವುದು ಎಷ್ಟು ಕಷ್ಟ ಆಗಬಹುದು ಅನ್ನುವುದಕ್ಕೆ ಮೆಗ್ನೀಸಿಯಂ ಸಾಲನ್ನೇ ಕೆಳಗಿನ ತನಕ ನೋಡಿ. ಬೇರಿಯಂ 56, ಅದರ ಕೆಳಗೆ ರೇಡಿಯಂ 88. ಒಂದೇ ಮನೆತನ, ಹಾಗಾಗಿ ಎರಡೂ ಒಟ್ಟೊಟ್ಟಿಗೇ ಕರಗುತ್ತವೆ, ಒಟ್ಟೊಟ್ಟಿಗೇ ಹರಳಾಗುತ್ತವೆ. 1898ರಲ್ಲಿ ರೇಡಿಯಂ ಇದೆ ಅಂತ ತಿಳಿದ ಮೇಲೆ ಮೇರಿ ಕ್ಯೂರಿ ಟನ್‌ಗಟ್ಟಲೆ ಅದಿರಿನ ಚರಟವನ್ನು ಕರಗಿಸಿ, ಹರಳು ಮಾಡಿ, ಆ ಹರಳನ್ನು ಮತ್ತೆ ಕರಗಿಸಿ, ಮತ್ತೆ ಹರಳು ಮಾಡಿ, ವರ್ಷಗಟ್ಟಲೆ ಅದನ್ನೇ ಮಾಡಿದರು. ರೇಡಿಯಂ ಲವಣ ಸ್ವಲ್ಪ ಬೇಗ ಹರಳಾಗುತ್ತದೆ, ಸಿಕ್ಕ ಗುಣ ಅದೊಂದೇ. 1902ರಲ್ಲಿ ಕೈಗೆ ಬಂದದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗ ರೇಡಿಯಂ ಕ್ಲೋರೈಡ್.

ಉಪ್ಪು ಒಣಗುವಷ್ಟರಲ್ಲಿ: ಸ್ಕೆಚ್ ಪೆನ್

ತಟ್ಟೆ ಬಿಸಿಲಲ್ಲಿರುವಾಗ ಮಕ್ಕಳು ಸುಮ್ಮನೆ ಕೂರುವುದಿಲ್ಲ. ಬ್ಲಾಟಿಂಗ್ ಪೇಪರ್ ಅಥವಾ ಫಿಲ್ಟರ್ ಪೇಪರನ್ನು ಬೆರಳಗಲ ಕತ್ತರಿಸಿ. ತುದಿಯಿಂದ ಎರಡು ಸೆಂಟಿಮೀಟರ್ ಮೇಲೆ ಪೆನ್ಸಿಲ್ ಗೆರೆ ಎಳೆದು, ಗೆರೆಯ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ದಪ್ಪ ಚುಕ್ಕೆ ಇಡಿ. ಪೆನ್ಸಿಲ್ಲೇ ಆಗಬೇಕು, ಪೆನ್ನಿನ ಗೆರೆಯಾದರೆ ಅದೂ ಮೇಲೆ ಓಡುತ್ತದೆ. ಲೋಟದಲ್ಲಿ ಒಂದು ಸೆಂಟಿಮೀಟರ್ ನೀರು ಹಾಕಿ ಪೇಪರಿನ ತುದಿ ಮಾತ್ರ ಮುಳುಗುವಂತೆ ಇಳಿಬಿಡಿ. ಚುಕ್ಕೆ ನೀರಿಗೆ ತಾಗಿದರೆ ಬಣ್ಣವೆಲ್ಲ ಲೋಟಕ್ಕೇ ಹೋಗುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ನೀರು ಪೇಪರ್ ಹತ್ತುತ್ತಾ ಚುಕ್ಕೆಯನ್ನು ಎಳೆದುಕೊಂಡು ಹೋಗಿ, ಕಪ್ಪಿನೊಳಗಿಂದ ನೀಲಿ, ಕೆಂಪು, ಹಳದಿ ಬಿಡಿಬಿಡಿಯಾಗಿ ಬರುತ್ತವೆ. ಯಾವ ಕಂಪನಿಯ ಪೆನ್ನು ಅನ್ನುವುದರ ಮೇಲೆ ಬಣ್ಣಗಳು ಬೇರೆಯಾಗಬಹುದು. ನೀರಿಗೆ ಜಗ್ಗದ ಮಾರ್ಕರ್ ಆದರೆ ನೀರಿನ ಬದಲು ಸರ್ಜಿಕಲ್ ಸ್ಪಿರಿಟ್ ಬೇಕು, ಅದು ಹತ್ತಿ ಉರಿಯುವ ದ್ರವ, ದೊಡ್ಡವರೇ ಮಾಡಿ. ರಷ್ಯಾದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ಸ್ವೆಟ್ 1900ರ ದಶಕದ ಮೊದಲ ವರ್ಷಗಳಲ್ಲಿ ಎಲೆಯ ಹಸಿರನ್ನು ಹೀಗೇ ಬೇರೆ ಬೇರೆ ಬಣ್ಣಗಳಾಗಿ ಬಿಡಿಸಿದರು, ಪೇಪರಿನ ಬದಲು ಸುಣ್ಣಕಲ್ಲಿನ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ.

ಕೊನೆಗೆ ಹರಳು

ಮೂರನೇ ದಿನ ತಟ್ಟೆ ಒಳಗೆ ತನ್ನಿ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಚಿಕ್ಕಚಿಕ್ಕ ಚೌಕಗಳು, ಕೆಲವು ನಿಜವಾದ ಪುಟ್ಟ ದಾಳಗಳು. ಒಂದು ಮಿಲಿಮೀಟರ್ ಅಳತೆಯ ಒಂದು ದಾಳದಲ್ಲಿ 4ರ ಮುಂದೆ 19 ಸೊನ್ನೆ ಬರೆದಷ್ಟು ಪರಮಾಣುಗಳಿಗಿಂತ ಜಾಸ್ತಿ ಇವೆ. ಸೋಡಿಯಂ, ಕ್ಲೋರಿನ್, ಸೋಡಿಯಂ, ಕ್ಲೋರಿನ್ ಅಂತ ಮೂರೂ ದಿಕ್ಕಿಗೆ ಚೌಕಚೌಕವಾಗಿ ಕೂತಿರುವುದರಿಂದಲೇ ಹರಳೂ ಚೌಕ. 1913ರಲ್ಲಿ ಬ್ರಾಗ್ ತಂದೆ ಮಗ ಎಕ್ಸ್‌ರೇ ಹಾಯಿಸಿ ಆ ಜೋಡಣೆಯನ್ನು ತೋರಿಸಿದರು.

ದೊಡ್ಡ ಹರಳು ಬೇಕೆಂದರೆ ಚೆನ್ನಾಗಿರುವ ಒಂದು ದಾಳವನ್ನು ಆರಿಸಿ ತೆಳು ದಾರಕ್ಕೆ ಕಟ್ಟಿ. ಇನ್ನು ಕರಗುವುದಿಲ್ಲ ಅನ್ನುವಷ್ಟು ಉಪ್ಪು ಹಾಕಿ ಸೋಸಿದ ನೀರಿನಲ್ಲಿ ಅದನ್ನು ತೂಗುಬಿಡಿ. ನೀರಿನಲ್ಲಿ ಉಪ್ಪು ಕಡಿಮೆಯಿದ್ದರೆ ಕಟ್ಟಿದ ಹರಳೇ ಕರಗಿಹೋಗುತ್ತದೆ, ನಮಗೆ ಎರಡು ಸಲ ಹಾಗಾಯಿತು. ಲೋಟದ ಬಾಯಿಗೆ ಬಟ್ಟೆ ಕಟ್ಟಿ, ಬಿಸಿಲು ಬೀಳದ ಕಪಾಟಿನ ಮೇಲಿಟ್ಟು, ವಾರಕ್ಕೊಮ್ಮೆ ಮಾತ್ರ ನೋಡಿ. ಲೋಟ ಅಲ್ಲಾಡಿಸಬೇಡಿ.